ಸವೇಲಿ ಅಜ್ಜನ ಬಂದೂಕು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8:10
ಪಾಯಿಂಟ್ ಕುಕ್ ಬಡಾವಣೆ. ಸವೇಲಿ ಅಜ್ಜನಿಗೆ ಸ್ನಾನ, ಶೇವ್, ಮಾತ್ರೆ, ಓಟ್ಸ್. ಎಂಬತ್ತೇಳು ವರ್ಷ. ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಹೋಮ್ ಕೇರ್ ಕೆಲಸಕ್ಕೆ ಸೇರಿ ಆರು ವರ್ಷವಾಯಿತು, ಇಷ್ಟು ಚೊಕ್ಕಟ ಮನುಷ್ಯರನ್ನು ಕಂಡಿಲ್ಲ. ಕೈ ನಡುಗುತ್ತದೆ. ಆದರೂ ಟವೆಲ್ ಮಡಚುವಾಗ ಅಂಚಿಗೆ ಅಂಚು ಕೂಡಬೇಕು.
"ರಷ್ಯಾದಲ್ಲಿ ಏನು ಕೆಲಸ ಮಾಡ್ತಿದ್ರಿ?" ಕೇಳಿದೆ.
"ಬಂದೂಕು ಡಿಸೈನ್ ಮಾಡ್ತಿದ್ದೆ."
ನನ್ನ ಕೈ ನಿಂತಿತು. ಅಜ್ಜ ನಕ್ಕರು. "ಹೆದರಬೇಡ. ಈಗ ರೇಜರ್ ಇರೋದು ನಿನ್ನ ಕೈಯಲ್ಲಿ."

ಮಾರ್ಚ್ 11
ಇವತ್ತು ತಾವಾಗಿಯೇ ಹೇಳಿದರು. ಉರಾಲ್ ಕಡೆಯ ಫ್ಯಾಕ್ಟರಿ ಊರು. ಹದಿನೇಳಕ್ಕೇ ಲೇತ್ ಯಂತ್ರದ ಮುಂದೆ ನಿಂತವರು. ಆಮೇಲೆ ಬಂದೂಕಿನ ನಕ್ಷೆ ಬರೆಯುವ ಡ್ರಾಯಿಂಗ್ ಆಫೀಸು. ಹಿಮದಲ್ಲಿ ಸ್ಕೀ ಮೇಲೆ ಓಡಿ ಗುರಿ ಹೊಡೆಯುವ ಆಟ ಒಂದಿದೆಯಂತೆ. ತಮಾರಾ ಎಂಬ ಆಟಗಾರ್ತಿ ಎಡಚಿ. ಬಂದೂಕುಗಳೆಲ್ಲ ಬಲಗೈಯವರಿಗೆ. ಆಕೆಗಾಗಿ ಎಡಗೈ ಬಂದೂಕು ಮಾಡಿಕೊಟ್ಟರು. ಹದಿಮೂರು ಸಲ ತಿದ್ದಿದರು.
"ಅಷ್ಟು ಸಲ ಯಾಕೆ?"
"ಒಂದೇ ಸಲಕ್ಕೆ ಸರಿಹೋಗಿದ್ರೆ ಅವಳು ಮತ್ತೆ ಬರ್ತಿರಲಿಲ್ಲವಲ್ಲ."
ಮದುವೆಯಾದರು. ಆಕೆ ತೀರಿಕೊಂಡು ಒಂಬತ್ತು ವರ್ಷ.

ಮಾರ್ಚ್ 20
ಅಜ್ಜನ ಮಗಳು ಲಿದಿಯಾ ಸಿಡ್ನಿಯಲ್ಲಿ ಟೀಚರ್. ಮೂರು ವರ್ಷದಿಂದ ಫೋನೇ ಇಲ್ಲ.
ಎಡಗೈ ಬಂದೂಕಿನ ಕೆಲಸ ನೋಡಿ ಅಜ್ಜನನ್ನು ಸೈನ್ಯದ ವಿಭಾಗಕ್ಕೆ ಹಾಕಿದ್ದರಂತೆ. ಅಲ್ಲಿ ಇಪ್ಪತ್ತೆರಡು ವರ್ಷ. ಒಂದು ಮೆಡಲ್. ರಷ್ಯಾ ಈಗಿನ ಯುದ್ಧ ಶುರುಮಾಡಿದಾಗ ಟಿವಿಯಲ್ಲಿ ಸೈನಿಕನೊಬ್ಬನ ಕೈಯಲ್ಲಿ ಬಂದೂಕು ನೋಡಿ ಮಗಳು ಫೋನ್ ಮಾಡಿದಳು — "ಅಪ್ಪಾ, ಇದು ನಿನ್ನದಾ?"
"ಹೌದು ಅಂದೆ. ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದೆ ಅಂತಾನೂ ಅಂದೆ, ವಸಂತಾ. ಬಾಯಿಗೆ ಬಂದುಬಿಟ್ಟಿತು."
ಅವಳು ಫೋನ್ ಇಟ್ಟಳು. ಅಷ್ಟೇ...

ಏಪ್ರಿಲ್ 9
ಅಜ್ಜ ಆಸ್ಪತ್ರೆಯಿಂದ ಬಂದರು. ಹೃದಯ ಸೋತಿದೆ. ಇನ್ನು ಕೆಲವೇ ವಾರ ಅಂದರಂತೆ ಡಾಕ್ಟರ್.
ಮಗಳಿಗೆ ಪತ್ರ. ಅವರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಬರೆದೆ. "ಆ ದಿನ ನನಗೆ ಹೆಮ್ಮೆಯಾಯಿತು. ಆಮೇಲೆ ಹೆಮ್ಮೆಪಟ್ಟದ್ದಕ್ಕೆ ನಾಚಿಕೆಯಾಯಿತು. ಎರಡೂ ನಿನಗೆ ಗೊತ್ತಿರಲಿ."
ಪೋಸ್ಟ್ ಮಾಡಿದರೆ ಅವಳು ಒಡೆಯುವುದಿಲ್ಲ ಅಂದರು. ಈಸ್ಟರ್ ರಜೆಗೆ ಸಿಡ್ನಿಯ ಟೂಂಗಾಬಿಗೆ, ನಾದಿನಿ ಪಲ್ಲವಿಯ ಮನೆಗೆ ಹೋಗುವವರಿದ್ದೇವೆ. ನಾನೇ ಕೊಡುತ್ತೇನೆ ಅಂದೆ.
ನಮ್ಮ ಮನೆಯವರು ಸಿಡುಕಿದರು. "ಅವರ ಮನಿ ವಿಚಾರದಾಗ ನೀ ಯಾಕ ಬೀಳ್ತಿ? ಆಫೀಸಿನವ್ರಿಗೆ ಗೊತ್ತಾಗಿ ಕೆಲಸಾ ಹೋದ್ರ?"
"ಹೋದ್ರ ಹೋಗ್ಲಿ ಬಿಡ್ರಿ. ಸಾಯೋ ಮನುಷ್ಯಾನ ಒಂದ್ ಚೀಟಿ."

ಏಪ್ರಿಲ್ 19, ಸಿಡ್ನಿ
ಲಿದಿಯಾ ಬಾಗಿಲಲ್ಲೇ ನಿಂತು ಓದಿದಳು. ಎರಡು ಸಲ.
"ನೀವು ಅಪ್ಪನಿಗೆ ಏನಾಗಬೇಕು?"
"ಸ್ನಾನ ಮಾಡಿಸ್ತೀನಿ."
ಪತ್ರ ಮಡಚಿದಳು. "ನೋವಿದೆಯಾ?"
"ಇದೆ. ಹೇಳೋದಿಲ್ಲ."
"ಯಾವತ್ತೂ ಹೇಳಿದವರಲ್ಲ." ಬಾಗಿಲು ಹಾಕಿಕೊಂಡಳು.

ಏಪ್ರಿಲ್ 24
"ಕೊಟ್ಟೆ" ಅಂದೆ. ಬರುತ್ತಾಳಾ ಎಂದು ಅಜ್ಜ ಕೇಳಲಿಲ್ಲ.
"ದಪ್ಪಗಾಗಿದ್ದಾಳಾ?"
"ಸ್ವಲ್ಪ."
"ಒಳ್ಳೇದು." ಕಣ್ಣು ಮುಚ್ಚಿಕೊಂಡರು.

ಮೇ 1
ಗೇಟಿನ ಮುಂದೆ ಬಾಡಿಗೆ ಕಾರು. ಒಳಗೆ ಲಿದಿಯಾ, ಕೋಟನ್ನೂ ತೆಗೆಯದೆ ಮಂಚದ ಪಕ್ಕ ಕೂತಿದ್ದಾಳೆ.
"ನಾನು ಕ್ಷಮಿಸಿಲ್ಲ," ಅಂದಳು — ನನಗೆ, ಅವರಿಗೂ ಕೇಳುವಂತೆ. "ಬಂದಿದ್ದೀನಿ, ಅಷ್ಟೇ."
"ಸಾಕು," ಅಂದರು ಅಜ್ಜ.
ಸ್ನಾನ ಮಾಡಿಸುವುದನ್ನು ಕಲಿಸಿಕೊಡಿ ಅಂದಳು. ಕಲಿಸಿದೆ. ಅಪ್ಪನ ಬೆನ್ನಿನ ಎಲುಬುಗಳ ಮೇಲೆ ಅವಳ ಕೈ ತಡವರಿಸಿತು, ನಿಂತಿತು, ಮತ್ತೆ ಮೆಲ್ಲಗೆ ಸಾಗಿತು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಮೇ 6. 12:40
ಇವತ್ತು ಶಿಫ್ಟ್ ಇಲ್ಲ. ಲಿದಿಯಾ ರಜೆ ಹಾಕಿ ತಾನೇ ನೋಡಿಕೊಳ್ಳುತ್ತಿದ್ದಾಳೆ. ಆದರೂ ನನ್ನ ಕಾರು ಅಜ್ಜನ ಮನೆ ಕಡೆಗೇ ಬಂತು. ರಸ್ತೆಯಾಚೆ ನಿಲ್ಲಿಸಿ ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಇಬ್ಬರೂ ಕಾಣುತ್ತಾರೆ. ಅವಳು ಸೂಪ್ ಕುಡಿಸುತ್ತಿದ್ದಾಳೆ. ಅಜ್ಜ ಏನೋ ಹೇಳುತ್ತಲೇ ಇದ್ದಾರೆ. ಅವಳು ಒಪ್ಪುತ್ತಿಲ್ಲ — ಚಮಚ ಎತ್ತಿ ವಾದ ಮಾಡುತ್ತಿದ್ದಾಳೆ. ಮಾಡುತ್ತಲೇ ಅವರ ಗಲ್ಲ ಒರೆಸಿದಳು.
ಒಳಗೆ ಹೋಗುವುದು ಬೇಡ. ಅವರ ಜಗಳ ಅವರಿಗಿರಲಿ...
ಅಯ್ಯೋ, ನೋಡಿಬಿಟ್ಟಳು. ಬಾಗಿಲು ತೆಗೆದು ಕೈಬೀಸಿ ಕರೆಯು—