ಕಾರಿನ ನೆತ್ತಿಯ ಮೇಲೆ ದೋಣಿ

ಮಾರ್ಚ್ 4, ಮಂಗಳವಾರ

ಡ್ರೈವಿಂಗ್ ಕಲಿಯೋಕೆ ಬರೋ ಬ್ಯಾಂಕಿನ ಮೇಡಂ ಇವತ್ತೂ ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದರು. ಪುಣ್ಯಕ್ಕೆ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಹಾಲಿನ ಬೂತಿನ ಗೋಡೆ ಉಳಿಯಿತು. ಆಮೇಲೆ ಹೆಡ್‌ರೆಸ್ಟ್ ಪಾಠ. ಅದು ಒರಗಿ ನಿದ್ದೆ ಮಾಡೋಕೆ ಅಂದುಕೊಂಡಿದ್ದರಂತೆ! ಹಿಂದಿನಿಂದ ಯಾರಾದರೂ ಗುದ್ದಿದಾಗ ಕುತ್ತಿಗೆ ಉಳಿಸೋದೇ ಅದು ಅಂದೆ. ಮೇಡಂ ಮುಖ ಸುಣ್ಣದ ಹಾಗಾಯಿತು. ಆದರೂ ನಾಳೆ ಬರ್ತಾರೆ. ನನ್ನ ಹತ್ತಿರ ಕಲಿಯೋಕೆ ಬಂದವರು ಅರ್ಧಕ್ಕೆ ಬಿಟ್ಟು ಹೋಗಿಲ್ಲ, ಹೋಗೋಕೆ ಬಿಟ್ಟೂ ಇಲ್ಲ.

ಮಧ್ಯಾಹ್ನ ಮಗಳ ದೋಣಿ ರೇಸಿನ ಕೋಚ್ ಫೋನ್. ದೋಣಿ ಸಾಗಿಸೋ ಕ್ಲಬ್‌ನ ಟ್ರೇಲರ್‌ದು ಆಕ್ಸಲ್ ಮುರಿದಿದೆ. ಇನ್ನು ಮೇಲೆ ಪ್ರಾಕ್ಟೀಸ್ ಜಲಾಶಯದಲ್ಲೇ, ಏಪ್ರಿಲ್ 6ರ ಆಯ್ಕೆಯೂ ಅಲ್ಲೇ. ದೋಣಿ ಯಾರದಾದರೂ ಕಾರಿನ ಮೇಲೆ ಹೋಗಬೇಕು.

"ನಾನಿದ್ದೀನಲ್ಲ ಸಾರ್" ಅಂದೆ. ಯೋಚನೆ ಕೂಡ ಮಾಡಲಿಲ್ಲ. ಯೋಚನೆ ಮಾಡೋಕೆ ಏನಿದೆ? ಲಾರಿ ಡ್ರೈವರ್ ಮಗಳು ನಾನು.

ಮಗಳಿಗೆ ಜೂನಿಯರ್ ತಂಡಕ್ಕೆ ಇದೇ ಕೊನೇ ಅವಕಾಶ. ಮುಂದಿನ ವರ್ಷ ವಯಸ್ಸು ಮೀರುತ್ತೆ. ಮೊದಲು ಬಂದ ಇಬ್ಬರಿಗೆ ಮಾತ್ರ ಜಾಗ. ಹೋದ ವರ್ಷ ಇವಳು ಮೂರನೆಯವಳು... ಆ ಮುಖ ಇನ್ನೂ ಕಣ್ಣಲ್ಲಿದೆ.

ಮಾರ್ಚ್ 6, ಗುರುವಾರ

ಕಾರಿನ ತಲೆ ಮೇಲಿದ್ದ ಡ್ರೈವಿಂಗ್ ಸ್ಕೂಲ್ ಬೋರ್ಡ್ ಕಿತ್ತೆ. ಬೋಳು ಬೋಳು. ಆ ಜಾಗಕ್ಕೆ ರೂಫ್ ರ್ಯಾಕ್. ಎರಡು ಅಡ್ಡಪಟ್ಟಿ, ನಾಲ್ಕು ಕಾಲು. ಕಾರಿನ ಪುಸ್ತಕ ತೆಗೆದು ನೋಡಿದೆ. ನೆತ್ತಿ ಎಪ್ಪತ್ತೈದು ಕಿಲೋ ತಡೆಯುತ್ತೆ, ರ್ಯಾಕಿನ ಭಾರವೂ ಅದರಲ್ಲೇ ಸೇರಿತು. ಇವಳ ದೋಣಿ ಹನ್ನೆರಡು ಕಿಲೋ ಚಿಲ್ಲರೆ. ಒಬ್ಬರು ಕೂರೋ ರೇಸಿನ ದೋಣಿ, ನನ್ನ ಕಾರಿಗಿಂತ ಉದ್ದ. ಕ್ಲಬ್‌ನಲ್ಲಿ ರೇಸಿಗೆ ಆಗೋ ಅಂಥದ್ದು ಇದೊಂದೇ. ಅದನ್ನ ಇವಳಿಗೆ ಕೊಟ್ಟಿದ್ದಾರೆ ಅಂದರೆ ಸುಮ್ಮನೆ ಅಲ್ಲ.

ಅಪ್ಪ ಕುರ್ಚಿ ಹಾಕಿಕೊಂಡು ಉಸ್ತುವಾರಿಗೆ ಕೂತರು. ಬಾಯಿ ಸುಮ್ಮನಿರಲಿಲ್ಲ.

"ಹನ್ನೆರಡು ಕಿಲೋನಾ? ಅದನ್ನ ಕಟ್ಟೋದೇನು ಬಂತು, ಜೇಬಲ್ಲಿ ಇಟ್ಕೊಂಡು ಹೋಗು."

"ಗಾಳಿ ಎತ್ತುತ್ತೆ ಅಪ್ಪ. ಹಗುರ ಇದ್ದಷ್ಟೂ ಕಷ್ಟ."

"ಹಾಗಾದ್ರೆ ನಮ್ಮ ಲೆಕ್ಕ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಬೆಲ್ಟ್ ಬಿಗಿದ ಮೇಲೆ ಬೆರಳಲ್ಲಿ ಮೀಟಬೇಕು. ಟಣ್ ಅನ್ನಬೇಕು. ಅನ್ನಲಿಲ್ಲ ಅಂದರೆ ಲೋಡ್ ನಿಂತಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಮಗ್ಗಿಗಿಂತ ಮುಂಚೆ ಕಲಿಯೋದು ಇದನ್ನ. ಲಾರಿಗೆ ಹಾಕುವ ರ್ಯಾಚೆಟ್ ಬೆಲ್ಟ್ ಅಟ್ಟದ ಮೇಲಿತ್ತು, ಕೆಳಗಿಳಿಸಿದೆ. ಹಿಡಿಕೆ ಮೇಲೆ ಕೆಳಗೆ ಆಡಿಸಿದಷ್ಟೂ ಬಿಗಿಯುತ್ತೆ. ಎಣ್ಣೆ ಬಿಟ್ಟೆ. ಹೊಸದರ ಹಾಗೆ ಕಿರ್ರ್ ಕಿರ್ರ್ ಅಂತು.

ಮಾರ್ಚ್ 8, ಶನಿವಾರ, ಬೆಳಗ್ಗೆ

ಜಲಾಶಯದ ದಡದಲ್ಲಿ ಕೂತು ಬರೀತಿದ್ದೀನಿ. ಸೂಪರ್! ಒಂದೂವರೆ ಗಂಟೆ ದಾರಿ, ಕೂದಲೆಳೆಯಷ್ಟೂ ಅಲುಗಲಿಲ್ಲ ದೋಣಿ. ಬೋರಲು ಮಲಗಿಸಿ, ಹೊಟ್ಟೆ ಮೇಲೆ ಎರಡು ಬೆಲ್ಟ್. ಎರಡೂ ಟಣ್.

ಕಟ್ಟುವಾಗ ಮಗಳು "ಅಮ್ಮ ಸಾಕು, ಜಾಸ್ತಿ ಆಯ್ತೇನೋ" ಅಂದಳು.

"ಬಿಗಿಯೋದ್ರಲ್ಲಿ ಜಾಸ್ತಿ ಅನ್ನೋದೇ ಇಲ್ಲ ಕಣೇ" ಅಂದೆ. ಇನ್ನೊಂದು ಕಿರ್ರ್ ಹಾಕಿದೆ.

ಅವಳು ಈಗಷ್ಟೇ ನೀರಿಗಿಳಿದಳು. ಫ್ಲಾಸ್ಕಲ್ಲಿ ಕಾಫಿ ಇನ್ನೂ ಬಿಸಿ ಇದೆ. ಹಾಯಾಗಿದೆ.

ಅದೇ ದಿನ, ಸಂಜೆ

ದೋಣಿಗೆ ನೀರು ನುಗ್ಗಿತು. ನಡುನೀರಲ್ಲಿ ಇವಳು ನಿಧಾನವಾಗಿ ತಗ್ಗುತ್ತಾ ಬಂದಳು. ಲೈಫ್ ಜಾಕೆಟ್ ಇತ್ತು, ಕೋಚ್ ಪಕ್ಕದಲ್ಲೇ ಮೋಟಾರ್ ಬೋಟಲ್ಲಿದ್ದರು, ಏನೂ ಆಗಲಿಲ್ಲ. ಇವಳಿಗೆ ಏನೂ ಆಗಲಿಲ್ಲ ಅಂತ ಮೊದಲು ಬರೀಬೇಕು.

ದಡಕ್ಕೆ ತಂದು ಮಗುಚಿದರು. ಮುಂದಿನ ಬೆಲ್ಟ್ ಕೂತಿದ್ದ ಜಾಗದಲ್ಲಿ ತಳ ಬಿರಿದಿತ್ತು. ಬೆಲ್ಟಿನಷ್ಟೇ ಅಗಲ. ಯಾರ ಕೆಲಸ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಕೋಚ್ ಬಿರುಕಿನ ಮೇಲೆ ಉಗುರು ಎಳೆದು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನಾನೇ ಸಾರ್. ನಾನೇ ಬಿಗಿದಿದ್ದು. ಇವಳು ಬೇಡ ಅಂದಳು" ಅಂದೆ.

ಮಗಳು ಹಿಂದಿನ ಸೀಟಲ್ಲಿ ಕೂತಳು. ಬೆಲ್ಟ್ ಹಾಕಿಕೊಂಡಳು. ಮನೆ ಬರುವವರೆಗೂ ಕಿಟಕಿ ಕಡೆಯೇ ಮುಖ.

ಮಾರ್ಚ್ 13, ಗುರುವಾರ

ಮಗಳು ನನಗೆ ಹೇಳೋದೆಲ್ಲ ತಾತನ ಮೂಲಕ. "ತಾತ, ಅಮ್ಮನಿಗೆ ಹೇಳಿ, ನನ್ನ ಟವಲ್ ಮಡಿಸೋದು ಬೇಡ." ನಾನು ಅಲ್ಲೇ ಎದುರಿಗೆ ಟವಲ್ ಹಿಡಿದು ನಿಂತಿದ್ದೀನಿ! ಅಪ್ಪನಿಗೆ ಪೋಸ್ಟ್‌ಮ್ಯಾನ್ ಕೆಲಸ ಸಿಕ್ಕಿ ಖುಷಿ. ನಮ್ಮವರದು ಔಷಧಿ ಅಂಗಡಿ. ರಾತ್ರಿ ಬಂದು "ಎರಡು ದಿನ ಬಿಡು, ಸರಿಹೋಗ್ತಾಳೆ" ಅಂದರು. ಎಲ್ಲದಕ್ಕೂ ಇವರದು ಎರಡು ದಿನದ ಡೋಸು.

ಕ್ಲಬ್‌ಗೆ ಹೋದೆ. ಕೋಚ್ ತಾವೇ ತೇಪೆ ಹಾಕುತ್ತಿದ್ದಾರೆ. ಅಂಟು ಚೆನ್ನಾಗಿ ಒಣಗೋಕೆ ಬಿಡಬೇಕಂತೆ. ಅಲ್ಲಿವರೆಗೂ ಇವಳಿಗೆ ಕ್ಲಬ್‌ನ ಹಳೇ ದೋಣಿ, ಎಮ್ಮೆ ಥರದ್ದು.

"ಮೇಡಂ, ಇನ್ನು ಮುಂದೆ ದೋಣಿ ಬೇರೆಯವರ ವ್ಯಾನಲ್ಲಿ ಹೋಗಲಿ" ಅಂದರು. ಮೆಲ್ಲಗೇ ಅಂದರು.

ಸರಿ ಸಾರ್ ಅಂದೆ. ಬಾಗಿಲ ತನಕ ಬಂದು ವಾಪಸ್ ಹೋದೆ. "ಹೋಗಲಿ. ಆದರೆ ಸರಿಯಾಗಿ ಕಟ್ಟೋದು ಹೇಗೆ ಅಂತ ನನಗೆ ಕಲಿಸಿ." ಹದಿನೆಂಟು ವರ್ಷದಿಂದ ಬೇರೆಯವರಿಗೆ ಕಲಿಸ್ತಾ ಇದ್ದೀನಿ. ಕಲಿಯೋಕೆ ನನಗೇನು ದಾಡಿ?

ಮಾರ್ಚ್ 16, ಭಾನುವಾರ

ಎಮ್ಮೆ ದೋಣಿ ಮೇಲೆ ಪಾಠ. ಪಟ್ಟಿಗಳ ಮೇಲೆ ದಪ್ಪ ಸ್ಪಂಜು. ರ್ಯಾಚೆಟ್ ನಿಷಿದ್ಧ. ಮಾಮೂಲಿ ಬಕಲಿನ ಅಗಲ ಬೆಲ್ಟ್, ಕೈಯಲ್ಲಿ ಎಳೆದಷ್ಟೇ. ದೋಣಿ ಅಲುಗಿಸಿದರೆ ಕಾರೂ ಜೊತೆಗೆ ಅಲುಗಬೇಕು, ದೋಣಿಯ ಹೊಟ್ಟೆ ಮಾತ್ರ ತಗ್ಗಬಾರದು. ಮೂತಿಯಿಂದ ಮುಂದಿನ ಬಂಪರಿನ ಕೊಕ್ಕೆಗೆ ಒಂದು ಹಗ್ಗ, ಬಾಲದಿಂದ ಹಿಂದಕ್ಕೆ ಒಂದು. ಹೊರಟ ಸ್ವಲ್ಪ ಹೊತ್ತಿಗೇ ನಿಲ್ಲಿಸಿ ಮತ್ತೆ ನೋಡಬೇಕು. ಬಾಲಕ್ಕೆ ಕೆಂಪು ಬಟ್ಟೆ.

ಕೇಳೋಕೆ ಸುಲಭ. ಆದರೆ ಈ ಕೈ! ಇನ್ನೊಂದು ಎಳೆತ ಎಳೆಯೋಕೆ ತುರಿಸುತ್ತೆ.

"ಬಿಡಿ ಮೇಡಂ... ಕೈ ಬಿಡಿ... ಸಾಕು ಅಂದ್ನಲ್ಲ!"

ಬ್ಯಾಂಕಿನ ಮೇಡಂ ಗತಿ ಈಗ ಅರ್ಥವಾಯಿತು. ಏಳನೇ ಸಲಕ್ಕೆ ಕೋಚ್ ಸರಿ ಅಂತ ತಲೆಯಾಡಿಸಿದರು.

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಸಿಡಿದರು. "ನಲವತ್ತು ವರ್ಷದಲ್ಲಿ ನನ್ನ ಲಾರಿಯಿಂದ ಒಂದು ಮೂಟೆ ಬಿದ್ದಿಲ್ಲ!"

"ಇದು ಮೂಟೆ ಅಲ್ಲ ಅಪ್ಪ, ಮೊಟ್ಟೆ."

ಒಳಗಿನಿಂದ ಮಗಳು ಕಿಸಕ್ಕನೆ ನಕ್ಕ ಹಾಗೆ ಕೇಳಿಸಿತು. ನಾನು ಇಣುಕಿದಾಗ ಮುಖ ಪುಸ್ತಕದೊಳಗೆ.

ಮಾರ್ಚ್ 25, ಮಂಗಳವಾರ

ದೋಣಿ ನೀರಿಗಿಳಿಯಿತು. ಒಂದು ತೊಟ್ಟೂ ಒಳಗೆ ಬರಲಿಲ್ಲ. ತೇಪೆಯಿಂದ ತೂಕ ಸ್ವಲ್ಪ ಏರಿದೆ. "ಸ್ವಲ್ಪ ಅಂದ್ರೆ ಸ್ವಲ್ಪವೇ" ಅಂದರು ಕೋಚ್. ಆದರೂ ಇವಳು ಅಷ್ಟನ್ನೂ ಹೊತ್ತೇ ಹುಟ್ಟು ಹಾಕಬೇಕಲ್ಲ. ದೇವರೇ, ನನ್ನ ಭಾರ ಇವಳ ತೋಳಿಗೆ.

ಈಗ ಮಾತಾಡ್ತಾಳೆ. ಉಪ್ಪು ಕೊಡು, ಫ್ಯಾನ್ ಹಾಕು. ಅಷ್ಟೇ.

ಏಪ್ರಿಲ್ 5, ಶನಿವಾರ

ನಾಳೆ ಆಯ್ಕೆ.

ಸಂಜೆ ಕ್ಲಬ್ ಅಂಗಳದಲ್ಲಿ ವ್ಯಾನಿಗೆ ದೋಣಿ ಏರಿಸುತ್ತಿದ್ದರು. ಕೋಚ್ ಆಗಲೇ ಜಲಾಶಯಕ್ಕೆ ಹೋಗಿಯಾಗಿತ್ತು. ವ್ಯಾನಿನವರು ಒಳ್ಳೆ ಮನುಷ್ಯ, ಎಲ್ಲದಕ್ಕೂ ನಗು. ಬೈಕಿನ ಹಿಂದೆ ಡಬ್ಬ ಕಟ್ಟೋ ರಬ್ಬರ್ ಹಗ್ಗ ಇರುತ್ತಲ್ಲ, ಕೊಕ್ಕೆಯದು, ಅದನ್ನ ದೋಣಿಯ ಮೇಲೆ ಅಡ್ಡ ಹಾಕಿ ಕೈ ಒರೆಸಿಕೊಂಡರು. ಮೂತಿಗೂ ಇಲ್ಲ, ಬಾಲಕ್ಕೂ ಇಲ್ಲ.

ಸುಮ್ಮನಿರೋಣ ಅಂದುಕೊಂಡೆ. ನನ್ನ ಬಾಯಿಗೆ ಈಗ ಬೆಲೆ ಎಲ್ಲಿದೆ? ಆದರೆ ಆಗಲಿಲ್ಲ.

"ಸಾರ್, ಇದು ನಿಲ್ಲಲ್ಲ. ರಬ್ಬರ್ ಹಿಗ್ಗುತ್ತೆ. ಸೇತುವೆ ಮೇಲೆ ಗಾಳಿಗೆ ಮೂತಿ ಎದ್ದರೆ ದೋಣಿ ಹಿಂದಿನ ಗಾಡಿ ಮೇಲೆ."

"ಅಯ್ಯೋ ಅಕ್ಕ, ನಿಧಾನವಾಗಿ ಹೋಗ್ತೀನಿ ಬಿಡಿ."

ಮಗಳ ಕಿವಿ ಕೆಂಪಾಯಿತು. "ಅಮ್ಮ, ದಯವಿಟ್ಟು. ನೀನು ಕಟ್ಟಿದ್ದು ಏನಾಯ್ತು ಅಂತ ಎಲ್ಲರಿಗೂ ಗೊತ್ತು."

ಚುಚ್ಚಿತು. ಸರಿಯಾದ ಜಾಗಕ್ಕೇ ಚುಚ್ಚಿತು. ಆದರೂ ಹೇಳಿದೆ.

"ಹೌದು. ಜಾಸ್ತಿ ಬಿಗಿದು ಒಡೆದವಳು ನಾನೇ. ಅದಕ್ಕೆ ಸಡಿಲ ಕಟ್ಟಿದ್ದು ಸರಿ ಅಂತ ಆಗಲ್ಲ. ನನ್ನ ಮಾತು ಬೇಡ, ನಿನ್ನ ಕೈ ಇಟ್ಟು ನೋಡು."

ಮಗಳು ಹೋಗಿ ಮೂತಿ ಹಿಡಿದು ಎತ್ತಿದಳು. ಒಂದು ಗೇಣು ಎದ್ದಿತು, ಬಿಟ್ಟರೆ ದಪ್ ಅಂತ ಕೂತಿತು. ಇನ್ನೊಂದು ಸಲ ಎತ್ತಿದಳು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಕೆಳಗಿಳಿಸೋಣ."

ನೇರ ನನ್ನ ಕಾರಿನ ಹತ್ತಿರ ಬಂದು ನಿಂತಳು. ನಾನು ಕಟ್ಟಿದೆ. ಪ್ರತಿ ಬೆಲ್ಟಿಗೂ ಅವಳು ದೋಣಿಯ ಹೊಟ್ಟೆ ಮೇಲೆ ಅಂಗೈ ಇಟ್ಟು ನೋಡಿದಳು. ಪರೀಕ್ಷೆ ಬರೆದ ಹಾಗಾಯಿತು ನನಗೆ. ಪಾಸೋ ಫೇಲೋ ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ, 8.20, ಜಲಾಶಯದ ಪಾರ್ಕಿಂಗ್

ಬಂದು ಸೇರಿದೆವು. ಮೂರೂ ಜನ ಇಡಿಯಾಗಿದ್ದೀವಿ, ದೋಣಿಯೂ.

ಹೊರಡುವಾಗ ಅಪ್ಪನ ರಾಗ. ಹಿಂದಿನ ಸೀಟಿಗೆ ಬೆಲ್ಟ್ ಯಾಕೆ, ನಾನೇನು ಕೂಸೇ? ಕ್ಲಿಕ್ ಕೇಳಿಸದೆ ಗಾಡಿ ಕದಲಲ್ಲ ಅಂದು ಕೈ ಕಟ್ಟಿ ಕೂತೆ. ಗೊಣಗುತ್ತಾ ಹಾಕಿಕೊಂಡರು. ಮಗಳು ಮುಂದೆ, ಕಾಲು ಎತ್ತಿ ಡ್ಯಾಶ್‌ಬೋರ್ಡ್ ಮೇಲಿಟ್ಟಳು. "ಏರ್‌ಬ್ಯಾಗ್ ಅಲ್ಲೇ ಇರೋದು. ಬಿಚ್ಚಿಕೊಂಡರೆ ಮೊಣಕಾಲು ಮೂಗಿಗೆ ಬರುತ್ತೆ" ಅಂದೆ. ಇಳಿಸಿದಳು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಹಗ್ಗ ನೋಡಿದೆ. ಸೇತುವೆ ಮೇಲೆ ಗಾಳಿ ಇತ್ತು, ಅರವತ್ತರ ಮೇಲೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಹೊಡ್ಕೊಳ್ಳಲಿ.

ಸೇತುವೆ ದಾಟಿದ ಮೇಲೆ... ಪಕ್ಕದ ದಾರಿಯಿಂದ ಒಂದು ಸ್ಕೂಟರ್ ಸೀದಾ ಅಡ್ಡ. ಬ್ರೇಕ್ ಪೂರ್ತಿ ತುಳಿದೆ. ಕಾಲಡಿ ಪೆಡಲ್ ದಡದಡ ಅಂತ ಒದೆಯಿತು. ಚಕ್ರ ಜಾಮ್ ಆಗದ ಹಾಗೆ ಎಬಿಎಸ್ ಹಾಗೇ ಮಾಡೋದು, ಹೆದರಿ ಕಾಲೆತ್ತಬಾರದು ಅಂತ ಎಷ್ಟು ಜನಕ್ಕೆ ಹೇಳಿಲ್ಲ! ಎತ್ತಲಿಲ್ಲ. ಸ್ಟೀರಿಂಗ್ ನನ್ನ ಮಾತು ಕೇಳಿತು. ಸ್ಕೂಟರಿಗೆ ಒಂದು ಮಾರು ಹಿಂದೆ ನಿಂತೆ. ಆ ಮನುಷ್ಯ ತಿರುಗಿಯೂ ನೋಡಲಿಲ್ಲ.

ಬೆಲ್ಟು ಮೂವರನ್ನೂ ಗಪ್ಪನೆ ಹಿಡಿದಿತ್ತು. ಅಪ್ಪ ಎದೆ ಸವರಿಕೊಂಡು, "ಸರಿ ಬಿಡು, ಕೂಸೇ ನಾನು" ಅಂದರು.

ಮಗಳು ಇಳಿದು ಓಡಿದಳು. ನಾನು ಬ್ರೇಕ್ ಒತ್ತಿಕೊಂಡೇ ಕೂತೆ. ಕನ್ನಡಿಯಲ್ಲಿ ಅವಳ ಕೈ ಮಾತ್ರ ಕಾಣ್ತಿತ್ತು, ಬಾಲದ ಹಗ್ಗದ ಮೇಲೆ. ಮುಂದಕ್ಕೆ ಹಾರಬೇಕಿದ್ದ ದೋಣಿಯನ್ನ ಆ ಹಗ್ಗ ಹಿಡಿದಿತ್ತು. ಬಂದು ಕೂತಳು.

"ಒಂಚೂರೂ ಜರುಗಿಲ್ಲಮ್ಮ."

ಅಷ್ಟು ಹೇಳಿ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟಳು. ಅತ್ತುಬಿಟ್ಟೆ. ಗಾಡಿ ಬದಿಗೆ ತಗೊಂಡು, ಇಂಡಿಕೇಟರ್ ಹಾಕಿ, ಆಮೇಲೆ ಅತ್ತೆ.

10.05

ಅಪ್ಪ ದಡದಲ್ಲಿದ್ದಾರೆ. ನನಗೆ ನೋಡೋಕಾಗಲ್ಲ, ಕಾರಲ್ಲೇ ಕೂತಿದ್ದೀನಿ. ದೋಣಿ ತಪಾಸಣೆಯವರು ತೇಪೆ ಒತ್ತಿ ನೋಡಿ ಓಕೆ ಅಂದರಂತೆ. ಐದನೇ ಲೇನ್. ಮೈಕ್ ಏನೋ ಕೂಗ್ತಿದೆ, ಒಂದೂ ಅರ್ಥವಾಗ್ತಿಲ್ಲ... ಹೊರಟರು.

10.30

ಎರಡನೆಯವಳು!! ತಂಡದಲ್ಲಿದ್ದಾಳೆ ನನ್ನ ಮಗಳು. ಅಪ್ಪ ಅಲ್ಲಿಂದಲೇ ಟವಲ್ ಬೀಸಿ ಕುಣಿದರು, ಬೀಳ್ತಾರೇನೋ ಅಂತ ಓಡಿದೆ. ನಮ್ಮವರಿಗೆ ಫೋನ್ ಮಾಡಿದರೆ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಕೇಳೋ ಹಾಗೆ ಕೂಗಿದರು.

11.45

ಎಲ್ಲರೂ ಗಂಟುಮೂಟೆ ಕಟ್ತಾ ಇದ್ದಾರೆ. ಮೊದಲು ಬಂದ ಹುಡುಗಿಯ ಅಪ್ಪ ಮತ್ತೆ ದೋಣಿ ಏರಿಸಿದ್ದ ನಮ್ಮ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಾರು ಕಟ್ಟಿದ್ದು ಅಂತ ಕೇಳಿದರು.

"ನಮ್ಮಮ್ಮ" ಅಂದಳು ಇವಳು. "ಒಂದು ದೋಣಿ ಒಡೆದು ಕಲಿತಿದ್ದಾರೆ. ಅವರನ್ನೇ ಕೇಳಿ, ಚೆನ್ನಾಗಿ ಹೇಳಿಕೊಡ್ತಾರೆ."

ಅಷ್ಟು ಜನರ ಮುಂದೆ. ಹೆಮ್ಮೆಯಿಂದ! ಎಲ್ಲರೂ ನಕ್ಕರು, ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಆಗಿನಿಂದ ಒಬ್ಬೊಬ್ಬರಾಗಿ ಬರ್ತಿದ್ದಾರೆ. ಅಕ್ಕ ಈ ಬಕಲ್ ಎಲ್ಲಿ ಸಿಗುತ್ತೆ, ಮೇಡಂ ಹಗ್ಗ ಯಾವುದಕ್ಕೆ ಕಟ್ಟೋದು. ಎರಡು ನಿಮಿಷ ಬಿಡುವು ಅಂತ ಬಂದು ಕೂತು ಬರೀತಿದ್ದೀನಿ. ಮಗಳು ಆಗಲೇ ಕೂಗ್ತಿದ್ದಾಳೆ, "ಅಮ್ಮಾ, ಬೇಗ ಬಾ, ಇಲ್ಲಿ ನೋಡು!"

ಹೌದಲ್ಲ... ಆ ನೀಲಿ ಕಾರಿನವರು ಎಳೀತಾನೇ ಇದ್ದಾರೆ. ರ್ಯಾಚೆಟ್ ಬೇರೆ. ಹೋಗಿ ಕೈ ಹಿಡೀಬೇಕು, ಇಲ್ಲಾಂದ್ರೆ ಆ ಮಗುವಿನ ದೋಣಿ —