ಶೇಂಗಾ ಎಣ್ಣೆಯ ಬಾಣಲೆ ಕಂಡು ಪ್ರಯೋಗಶಾಲೆಗೆ ಬೀಗ ಜಡಿದವರಿಗೆ

ಮಾನ್ಯ ಕಾಲೇಜು ತಪಾಸಣಾಧಿಕಾರಿಗಳೇ,

ಚಿತ್ರದುರ್ಗದ ನಮ್ಮ ಭೌತಶಾಸ್ತ್ರ ಪ್ರಯೋಗಶಾಲೆಗೆ ತಾವು ಬೀಗ ಜಡಿಸಿ ಎರಡು ವಾರವಾಯಿತು. 'ಸರ್ಕಾರಿ ಕೊಠಡಿಯಲ್ಲಿ ಬಜ್ಜಿ ಕರಿಯುತ್ತಿದ್ದ ಕಾರಣ' ಎಂದು ಬಾಗಿಲಿಗೆ ಅಂಟಿಸಿದ ಆದೇಶವನ್ನು ಓದಲು ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಬರುತ್ತಿದ್ದಾರೆ. ನನ್ನ ಉಪನ್ಯಾಸಗಳಿಗೆ ಇಷ್ಟು ಜನ ಎಂದೂ ಸೇರಿದ್ದಿಲ್ಲ. ಅದಕ್ಕಾಗಿ ಮೊದಲು ವಂದನೆ.

ಬಾಣಲೆಯಲ್ಲಿದ್ದದ್ದು ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯ ಬಿಲ್ಲೆಗಳು. ಕುಲುಮೆಯಿಂದ ತೆಗೆದ ಬಿಲ್ಲೆ ಬರೀ ಬಿಲ್ಲೆ. ಅದನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿ, ಎರಡು ಸಾವಿರ ವೋಲ್ಟ್ ಕೊಟ್ಟು, ವೋಲ್ಟ್ ಇಳಿಸದೆ ತಣಿಸಿದರೆ ಆಮೇಲೆ ಒತ್ತಿದಾಗಲೆಲ್ಲ ವಿದ್ಯುತ್ ಕೊಡುತ್ತದೆ. ತಮ್ಮ ಮನೆಯ ಗ್ರಾಮಫೋನಿನ ಮುಳ್ಳಿನ ಬುಡದಲ್ಲೂ ಇಂಥದೇ ವಸ್ತು ಕೂತು ಹಾಡಿಸುತ್ತಿರಬಹುದು. ಅದನ್ನೂ ಜಪ್ತಿ ಮಾಡುವಿರಾ?

ಶೇಂಗಾ ಎಣ್ಣೆ ಏಕೆಂದು ತಮ್ಮ ವರದಿಯಲ್ಲಿ ಕೇಳಿದ್ದೀರಿ. ನಾವು ಕೇಳಿದ್ದು ಸಿಲಿಕೋನ್ ಎಣ್ಣೆ ಮತ್ತು ಒಂದು ಒಳ್ಳೆಯ ಥರ್ಮಾಮೀಟರ್. 'ಸ್ಥಳೀಯವಾಗಿ ದೊರೆಯುವ ವಸ್ತುಗಳನ್ನೇ ಬಳಸತಕ್ಕದ್ದು' ಎಂದು ಉತ್ತರ ಬರೆದವರು ತಾವೇ. ವಿಧೇಯರಾದ ನಾವು ಧರ್ಮಪುರದ ಗಾಣದಿಂದ ಎಣ್ಣೆ ತರಿಸಿದೆವು. ಥರ್ಮಾಮೀಟರಿಗೆ ಬದಲು ಕಡಲೆಹಿಟ್ಟು ಕಲಸಿಟ್ಟುಕೊಂಡೆವು. ಒಂದು ಹನಿ ಬಿಟ್ಟರೆ ಅದು ತಳಕ್ಕಿಳಿದು ಸಣ್ಣಗೆ ಗುಳ್ಳೆ ಬಿಡುತ್ತಾ ಕೂರಬೇಕು. ಥಟ್ಟನೆ ಮೇಲೆದ್ದರೆ ಕಾವು ಮೀರಿದೆ ಎಂದರ್ಥ. ಈ ಉಪಾಯ ನಮ್ಮ ಡೆಮಾನ್‌ಸ್ಟ್ರೇಟರ್ ನಸ್ರೀನ್ ಅವರದು. ಈ ಬಿಲ್ಲೆಗಳ ಮೇಲೆ ಸಂಶೋಧನೆ ಮಾಡುತ್ತಿರುವವರೂ ಅವರೇ.

ತಾವು ಒಳಗೆ ಕಾಲಿಟ್ಟಾಗ ಕಂಡದ್ದು ಬಾಣಲೆ, ಎಣ್ಣೆ, ಹಿಟ್ಟು. ಮೂಗಿಗೆ ಬಡಿದದ್ದು ಘಮಘಮ. ತಪ್ಪು ತಿಳಿದದ್ದರಲ್ಲಿ ತಪ್ಪೇನಿಲ್ಲ; ಪಕ್ಕದ ಕೊಠಡಿಯ ಸಂಸ್ಕೃತ ಪಂಡಿತರೂ ಎರಡು ದಿನ ತಟ್ಟೆ ಹಿಡಿದು ಬಂದಿದ್ದರು. ಆದರೆ ನಮ್ಮ ಅಟೆಂಡರ್ ಕೆಂಚಣ್ಣ ಕುರ್ಚಿ ಒರೆಸಿ, "ಇದು ತಿನ್ನಾದಲ್ಲ ಸಾಹೇಬ್ರೆ, ಕುಂತ್ಕಳ್ರಿ, ಮೇಡಮ್ಮೋರು ಹೇಳ್ತಾರೆ" ಎಂದಾಗ ಪಂಡಿತರು ಕೂತು ಕೇಳಿದರು. ಅದೇ ಮಾತನ್ನು ತಮಗೂ ಹೇಳಿದರೆ ತಾವು ಬೀಗ ತರಿಸಿದಿರಿ. ಹೇಳುವವರು ಎದುರಿಗೇ ನಿಂತಿದ್ದಾಗ ಕೇಳಲಿಕ್ಕೆ ಅಷ್ಟು ಪುರುಸೊತ್ತಿಲ್ಲದೆ ಹೋಯಿತೇ? ಅದೊಂದೇ ನನಗೆ ನೋವಾದದ್ದು.

ನಸ್ರೀನ್ ತಮ್ಮ ಪ್ರಬಂಧವನ್ನು ವಿಶ್ವವಿದ್ಯಾನಿಲಯಕ್ಕೆ ಈ ತಿಂಗಳ ಕೊನೆಗೆ ಒಪ್ಪಿಸಬೇಕು. ತಪ್ಪಿದರೆ ಮೂರು ವರ್ಷದ ದುಡಿಮೆ ನೀರುಪಾಲು. ಅವರು ಅಳುತ್ತಾ ಕೂತಿಲ್ಲ. ಅವರ ತಂದೆ ಮಕ್ಸೂದ್ ಸಾಹೇಬರಿಗೆ ಹೊಸದುರ್ಗದಲ್ಲಿ ರೇಡಿಯೋ ರಿಪೇರಿ ಅಂಗಡಿಯಿದೆ. ನಿನ್ನೆ ನಸ್ರೀನ್ ನನ್ನ ಬಳಿ ಬಂದು ಸಮಾಧಾನವಾಗಿಯೇ ಹೇಳಿದರು: "ಸರ್, ಕುಲುಮೆಯಾಗೆ ಸುಟ್ಟ ಬಿಲ್ಲೆ ಒಂದಿಷ್ಟು ನನ್ನ ಚೀಲದಾಗೇ ಅವೆ. ಅಬ್ಬಾನ ಅಂಗಡಿಯಾಗೆ ಟ್ರಾನ್ಸ್‌ಫಾರ್ಮರ್ ಐತೆ. ಭಾನುವಾರ ಒಲೆ ಬಿಟ್ಟುಕೊಡ್ತೀನಿ ಅಂತ ಅಮ್ಮಿ ಒಪ್ಪ್ಯಾಳೆ."

ಅವರ ತಾಯಿ ಪ್ಯಾರಿ ಬೀ ಅವರು ಮಗಳು ಏನೋ ಹೊಸ ತಿಂಡಿ ಕಲಿತು ಬಂದಿದ್ದಾಳೆಂದು ನೆಂಟರನ್ನೂ ಕರೆದಿದ್ದಾರಂತೆ.

ಪ್ರಯೋಗಶಾಲೆಯಲ್ಲಿ ಅಡುಗೆ ನಡೆಯಬಾರದೆಂಬ ತಮ್ಮ ಆದೇಶವನ್ನು ನಾನು ತುಂಬುಹೃದಯದಿಂದ ಒಪ್ಪುತ್ತೇನೆ. ಅಡುಗೆಮನೆಯಲ್ಲಿ ಎರಡು ಸಾವಿರ ವೋಲ್ಟ್ ಹರಿಯಬಹುದೇ ಎಂಬುದನ್ನೂ ದಯವಿಟ್ಟು ಲಿಖಿತವಾಗಿ ತಿಳಿಸಿ. ಹರಿಯಬಾರದೆಂದಾದರೆ ಶನಿವಾರದೊಳಗೆ ಬೀಗದ ಕೈ ಕಳಿಸಿ. ನೆಂಟರು ಭಾನುವಾರ ಬೆಳಗಿನ ಬಸ್ಸಿಗೇ ಬರುತ್ತಾರೆ.

ಇಂತಿ,
ತಮ್ಮ ವರದಿಯ ಪ್ರಕಾರ ಬಾಣಸಿಗ,
ಸಂಬಳದ ಪ್ರಕಾರ ಭೌತಶಾಸ್ತ್ರದ ಉಪನ್ಯಾಸಕ
ಚಿತ್ರದುರ್ಗ, ೧೯೭೬