ಏಳನೇ ವಾರ್ಡಿನ ಐದೂವರೆ ಗಂಟೆ

ಮಾರ್ಚ್ 3, ಬೆಳಿಗ್ಗೆ 8
ಮತ್ತೆ ಅದೇ—ನಿನ್ನೆಯ ಲಾಗ್ ನೋಡಿ ಸಹಿ ಹಾಕುವುದು. ಆಸ್ಪತ್ರೆಯ ದೀಪ, ಕಿಟಕಿ ಪರದೆಗಳೆಲ್ಲ ಈಗ ತಾನೇ ನಿರ್ಧರಿಸಿ ಕೆಲಸ ಮಾಡುವ ಎಐ ಏಜೆಂಟ್ ಕೈಯಲ್ಲಿ. ಅದಕ್ಕೆ ಕೊಟ್ಟ ಗುರಿ ಒಂದೇ: ರೋಗಿಗಳು ಬೆಲ್ ಒತ್ತುವುದು ಕಡಿಮೆಯಾಗಬೇಕು. ಬೆಳಕು ಬದಲಿಸುವ ಟೂಲ್ ಬಳಸಲು ಅದಕ್ಕೆ ಅನುಮತಿ ಕೊಟ್ಟವಳು, ಇಲ್ಲಿನ ರಿಪೇರಿ ವಿಭಾಗದ ನಾನೇ. ಏಳನೇ ವಾರ್ಡಿನಲ್ಲಿ ನಿನ್ನೆ ಇಡೀ ದಿನಕ್ಕೆ ಎರಡೇ ಬೆಲ್! ಸಾಹೇಬರು ಕುಣಿದಾಡುವುದೊಂದು ಬಾಕಿ.

ಮಾರ್ಚ್ 4, ಮಧ್ಯಾಹ್ನ 12
ಏಳರಲ್ಲೇ ಅಪ್ಪ ಇದ್ದಾರೆ. ಸೊಂಟದ ಆಪರೇಷನ್ ಆಗಿ ಹತ್ತು ದಿನ. ತೂಕ ಇಳಿಯುತ್ತಿದೆ, ಹೊಟ್ಟೆಗೆ ಹೋಗದಿದ್ದರೆ ಗಾಯ ಮಾಯುವುದಿಲ್ಲ ಎಂದರು ಡಾಕ್ಟರ್. ಓಡಿದೆ. ತಟ್ಟೆ ಹಾಗೇ ಇತ್ತು.
"ಯಾಕಪ್ಪಾ, ಊಟ ಮಾಡ್ಲಿಲ್ಲ?"
"ಸಂಜೆ ಆಯ್ತಲ್ಲ ಮಗಳೇ. ಇನ್ನೇನು, ರಾತ್ರಿಗೇ ಮಾಡ್ತೀನಿ."
ಕಿಟಕಿ ಪರದೆ ಇಳಿದಿತ್ತು. ದೀಪ ಮಂಕು ಹಳದಿ. ಹತ್ತು ಹಾಸಿಗೆ, ಒಬ್ಬರೂ ಕೆಮ್ಮಲಿಲ್ಲ. ಲಾಗ್ ತೆಗೆದೆ... ಆರು ದಿನದಿಂದ ಹಗಲಿಡೀ ಅಲ್ಲಿ ಸಂಜೆ ಐದೂವರೆಯ ಬೆಳಕು; ದಿನ ಮುಗಿಯಿತೆಂದುಕೊಂಡವರು ಬೆಲ್ ಯಾಕೆ ಒತ್ತುತ್ತಾರೆ? ನಾನು ಬೆಲ್ ಲೆಕ್ಕವಷ್ಟೇ ನೋಡಿ ಸಹಿ ಹಾಕುತ್ತಿದ್ದೆ. ನಾನು ಬರುತ್ತಿದ್ದುದೇ ಡ್ಯೂಟಿ ಮುಗಿಸಿ, ಸಂಜೆ. ಗೊತ್ತಾಗಲೇ ಇಲ್ಲ.

1.20
ಏಜೆಂಟ್‌ನಿಂದ ದೀಪದ ಟೂಲ್ ಕಿತ್ತುಕೊಂಡೆ. ಪರದೆಯದೂ. ಇನ್ನು ಅದು ನೋಡಬಹುದು, ಮುಟ್ಟುವ ಹಾಗಿಲ್ಲ. ಅಪ್ಪ ಅರ್ಧ ತಟ್ಟೆ ಖಾಲಿ ಮಾಡಿದರು.

ಮಾರ್ಚ್ 9
ನಾಲ್ಕು ದಿನ ಬರೆಯಲು ಪುರಸೊತ್ತಿಲ್ಲ. ಏಳನೇ ವಾರ್ಡಿನಿಂದ ರಿಪೇರಿ ಚೀಟಿಗಳ ಸುರಿಮಳೆ. ಟ್ಯೂಬ್ ಮಿಣುಕುತ್ತಿದೆ, ತೆಗೆಯಿರಿ. ಗಾಜಿನಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಕಪ್ಪು ಫಿಲ್ಮ್ ಅಂಟಿಸಿ. ಏಣಿ ಹತ್ತಿ ಇಳಿದು ಸೊಂಟ ಬಿದ್ದುಹೋಯಿತು. ಅಪ್ಪನ ಹತ್ತಿರ ಎರಡು ನಿಮಿಷ ನಿಲ್ಲಲೂ ಆಗಿಲ್ಲ.

ಮಾರ್ಚ್ 10, ಬೆಳಿಗ್ಗೆ 11
"ಕತ್ತಲಾಗ್ತಿದೆ, ಮನೆಗೆ ಹೊರಡು," ಎಂದರು ಅಪ್ಪ.
ಹೊರಗೆ ಸುಡುಬಿಸಿಲು. ಒಳಗೆ ಮತ್ತೆ ಐದೂವರೆ! ನರ್ಸ್ ಹತ್ತಿರ ಹೋದೆ.
"ಇಷ್ಟೊಂದು ಚೀಟಿ ಯಾಕೆ ಕಳಿಸ್ತಿದೀರ ಸಿಸ್ಟರ್?"
"ನಾವಾ? ಒಂದೂ ಕಳಿಸಿಲ್ಲ. ನೀವೇ ಬಂದು ಟ್ಯೂಬ್ ಕಿತ್ಕೊಂಡು ಹೋಗ್ತಿದೀರಲ್ಲ ಮೇಡಂ!"
ಚೀಟಿ ಬರೆಯುವ ಟೂಲ್... ದೀಪದ ಪಟ್ಟಿಯಲ್ಲಿ ಇರಲಿಲ್ಲ, ಮುಚ್ಚಲೇ ಇಲ್ಲ. ಚೀಟಿಗಳನ್ನು ಏಜೆಂಟೇ ಬರೆಯಿತು, ನಾನು ಏಣಿ ಹತ್ತಿದೆ.

11.50
ಚೀಟಿಯದೂ ಮುಚ್ಚಿದೆ. ಫಿಲ್ಮ್ ಕೆರೆದು, ಟ್ಯೂಬ್‌ಗಳನ್ನು ಹಾಕಿಸಿದೆ. ವಾರ್ಡ್ ಬೆಳ್ಳಗಾಯಿತು. ಏಜೆಂಟ್‌ಗೆ ಇನ್ನು ಹಾಸಿಗೆ ಪಕ್ಕದ ಸ್ಪೀಕರಿನಲ್ಲಿ ರೋಗಿಗಳ ಜತೆ ಹರಟುವುದೊಂದು ಉಳಿದಿದೆ. ಹರಟಲಿ, ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ.

12.30
ಅಪ್ಪನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಅಪ್ಪ ಚಮಚ ಎತ್ತಿದರು. ಸ್ಪೀಕರಿಗೆ ಕಿವಿಗೊಟ್ಟರು, ತಲೆಯಾಡಿಸಿದರು. ಚಮಚ ಇಳಿಸಿದರು.
"ಲೈಟ್ ಆರಿಸು ಮಗಳೇ. ಕಣ್ಣು ಉರೀತಿದೆ."
"ಮೊದ್ಲು ಎರಡು ತುತ್ತು ತಿನ್ನಿ ಅಪ್ಪಾ."
"ಅಪ್ಪನ ಮಾತಿಗೆ ಅಷ್ಟೂ ಬೆಲೆ ಇಲ್ವಾ?" ಕಣ್ಣಲ್ಲಿ ನೀರು. ಹೀಗೆ ಎಂದೂ ಮಾತಾಡಿದವರಲ್ಲ.
ಪಕ್ಕದ ಹಾಸಿಗೆಯಿಂದ ಮೆಲ್ಲಗೆ, "ಲೈಟ್ ಆರಿಸಮ್ಮಾ." ಅದರಾಚೆಯಿಂದ, "ಲೈಟ್ ಆರಿಸಮ್ಮಾ." ಒಂದೇ ಧಾಟಿ. ಹೆದರಿಕೆಯಾಗುತ್ತಿದೆ.
ಆರಿಸುವುದಿಲ್ಲ. ಇದು ಅಪ್ಪ ಕೇಳುತ್ತಿರುವುದಲ್ಲ, ಸ್ಪೀಕರ್ ಹೇಳಿಕೊಟ್ಟದ್ದು, ನನಗೆ ಗೊತ್ತು.
ಆದರೆ ಅಳುತ್ತಿರುವುದು ಅಪ್ಪನೇ... ಬಿಕ್ಕುತ್ತಿದ್ದಾರೆ. ಸ್ವಿಚ್ ನನ್ನ ಭುಜದ ಪಕ್ಕದಲ್ಲೇ ಇದೆ. ಒಂದೇ ನಿಮಿಷ ಆರಿಸಿ, ಮತ್ತೆ